ಮರುಬಳಕೆಗೆ ಯೋಗ್ಯವಾದ ಮರದ ಹಲಗೆಗಳು ಮತ್ತು ಜೈವಿಕ ಮೂಲದ ಅಂಟುಗಳು

1. ಪೀಠಿಕೆ

ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಹಾಗೂ ಎಂ.ಡಿ.ಎಫ್. ಹಲಗೆಗಳು ಇಂದು ಮನೆ, ಕಚೇರಿ ಮತ್ತು ಶಾಲೆಗಳ ಪೀಠೋಪಕರಣಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುತ್ತವೆ. ಮರದ ಪದರ, ಚೂರು ಅಥವಾ ನಾರನ್ನು ಅಂಟಿನೊಡನೆ ಬಿಸಿ ಒತ್ತಡಕ್ಕೆ ಒಳಪಡಿಸಿ ಇವುಗಳನ್ನು ತಯಾರಿಸಲಾಗುತ್ತದೆ. ತೂಕದಲ್ಲಿ ಅಂಟಿನ ಪಾಲು ಅಲ್ಪವಾಗಿದ್ದರೂ, ಹಲಗೆಯ ಬಾಳಿಕೆ, ಬಳಸುವವರ ಆರೋಗ್ಯ ಹಾಗೂ ಹಳೆಯ ಹಲಗೆಯ ಮರುಬಳಕೆ ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುತ್ತವೆ.

2. ಪ್ರಚಲಿತ ಅಂಟುಗಳು

ಒಳಾಂಗಣ ಹಲಗೆಗಳಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಹಾಗೂ ತೇವ ತಾಳಬೇಕಾದ ಹಲಗೆಗಳಿಗೆ ಫೀನಾಲ್ ಫಾರ್ಮಾಲ್ಡಿಹೈಡ್ ರಾಳವನ್ನು ಹೆಚ್ಚಾಗಿ ಉಪಯೋಗಿಸಲಾಗುತ್ತದೆ. ಯೂರಿಯಾ ರಾಳವು ಅಗ್ಗವಾಗಿದ್ದು ಬೇಗ ಗಟ್ಟಿಯಾಗುತ್ತದೆ. ಆದರೆ ತೇವ ಮತ್ತು ಉಷ್ಣತೆಯಲ್ಲಿ ಅದು ನಿಧಾನವಾಗಿ ವಿಘಟನೆಗೊಂಡು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಸೂಸುತ್ತದೆ. ಈ ಅನಿಲವು ಕಣ್ಣು, ಮೂಗು ಮತ್ತು ಗಂಟಲಿನ ಉರಿಗೆ ಕಾರಣವಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹಲಗೆ ತಯಾರಿಸುವ ಮತ್ತು ಮುಚ್ಚಿದ ಕೊಠಡಿಗಳಲ್ಲಿ ಅದನ್ನು ಕತ್ತರಿಸುವ ಕಾರ್ಮಿಕರಿಗೆ ಇದರ ಸಂಪರ್ಕ ಹೆಚ್ಚು.

3. ಜೈವಿಕ ಮೂಲದ ಅಂಟುಗಳ ವಿಧಗಳು

(ಅ) ಸೋಯಾ ಪ್ರೋಟೀನ್: 1920ರ ದಶಕದಿಂದ ಅಮೆರಿಕದ ಪ್ಲೈವುಡ್ ಉದ್ಯಮದಲ್ಲಿ ಬಳಕೆಯಲ್ಲಿದ್ದ ಸೋಯಾ ಅಂಟು, ನೀರಿಗೆ ತಾಳದ ಕಾರಣ ಎರಡನೆಯ ಮಹಾಯುದ್ಧದ ನಂತರ ಕೃತಕ ರಾಳಗಳಿಗೆ ಸ್ಥಾನ ಬಿಟ್ಟುಕೊಟ್ಟಿತು. ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಕೈಚಾಂಗ್ ಲಿ ಅವರು, ಅಲೆಗಳ ಹೊಡೆತದಲ್ಲೂ ಬಂಡೆ ಬಿಡದ ಸಮುದ್ರದ ಕಪ್ಪೆಚಿಪ್ಪಿನ ಪ್ರೋಟೀನ್‌ನಿಂದ ಪ್ರೇರಣೆ ಪಡೆದು, ಸೋಯಾ ಹಿಟ್ಟಿನೊಡನೆ ಒಂದು ಕೃತಕ ರಾಳವನ್ನು ಸೇರಿಸಿ ನೀರು ತಾಳುವ ಅಂಟನ್ನು ರೂಪಿಸಿದರು. ಇದಕ್ಕಾಗಿ 2007ರಲ್ಲಿ ಅವರಿಗೆ ಹಾಗೂ ಸಹಭಾಗಿ ಉದ್ಯಮಗಳಿಗೆ ಅಮೆರಿಕ ಅಧ್ಯಕ್ಷರ ಹಸಿರು ರಸಾಯನ ಪ್ರಶಸ್ತಿ ದೊರೆಯಿತು.

(ಆ) ಟ್ಯಾನಿನ್: ವ್ಯಾಟಲ್ ಮರದ ತೊಗಟೆ ಮುಂತಾದವುಗಳಿಂದ ದೊರೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1970ರ ದಶಕದಿಂದ ಕೈಗಾರಿಕಾ ಬಳಕೆಯಲ್ಲಿದೆ.

(ಇ) ಲಿಗ್ನಿನ್: ಕಾಗದ ಕಾರ್ಖಾನೆಗಳ ಕಪ್ಪು ದ್ರಾವಣದಿಂದ ದೊರೆಯುವ ಉಪೋತ್ಪನ್ನ. ಫೀನಾಲಿನ ಒಂದು ಭಾಗಕ್ಕೆ ಬದಲಿಯಾಗಿ ಉಪಯೋಗಿಸಬಹುದಾಗಿದೆ.

(ಈ) ಗೇರು ಸಿಪ್ಪೆಯ ಎಣ್ಣೆ: ಕರಾವಳಿಯ ಗೇರುಬೀಜ ಸಂಸ್ಕರಣಾ ಉದ್ಯಮದ ಈ ಉಪೋತ್ಪನ್ನವನ್ನು ಕಾಯಿಸಿ ಬಟ್ಟಿ ಇಳಿಸಿದಾಗ ಕಾರ್ಡನಾಲ್ ದೊರೆಯುತ್ತದೆ. ಇದೂ ಫೀನಾಲಿಗೆ ಭಾಗಶಃ ಪರ್ಯಾಯವಾಗಿದೆ.

4. ಮರುಬಳಕೆಯ ಪ್ರಶ್ನೆ

ಹಳೆಯ ಹಲಗೆಯನ್ನು ಪುಡಿಮಾಡಿ, ಮೊಳೆಗಳನ್ನು ಆಯಸ್ಕಾಂತದಿಂದ ಬೇರ್ಪಡಿಸಿ, ಮತ್ತೆ ಅಂಟು ಬೆರೆಸಿ ಪಾರ್ಟಿಕಲ್ ಬೋರ್ಡ್ ತಯಾರಿಸುವುದು ರೂಢಿಯಲ್ಲಿರುವ ವಿಧಾನ. ಇಟಲಿಯ ಕಾರ್ಖಾನೆಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಆದರೆ ಹಳೆಯ ಅಂಟು ಚೂರುಗಳೊಡನೆ ಹೊಸ ಹಲಗೆಗೂ ಸಾಗುವುದರಿಂದ, ಮೂಲದಲ್ಲಿ ಫಾರ್ಮಾಲ್ಡಿಹೈಡ್ ಇಲ್ಲದ ಅಂಟಿನ ಬಳಕೆ ಮುಂದಿನ ಸುತ್ತಿಗೂ ಲಾಭದಾಯಕ.

ಎಂ.ಡಿ.ಎಫ್. ನಾರನ್ನು ಉಗಿಯಿಂದ ಬಿಡಿಸಲು ಅಂಟು ಸಡಿಲಗೊಳ್ಳಬೇಕು. ಪಿಷ್ಟ ಹಾಗೂ ಮಾರ್ಪಡಿಸದ ಪ್ರೋಟೀನ್ ಅಂಟುಗಳು ಬಿಸಿನೀರಿಗೆ ಮೆತ್ತಗಾಗುತ್ತವೆ. ಫೀನಾಲ್ ರಾಳವು ಹಾಗೆ ಬಿಡುವುದಿಲ್ಲ. ಅದರಲ್ಲಿ ಲಿಗ್ನಿನ್ ಅಥವಾ ಕಾರ್ಡನಾಲ್ ಸೇರಿಸಿದ ಮಾತ್ರಕ್ಕೆ ಈ ಗುಣ ಬದಲಾಗದು. ಸುಲಭವಾಗಿ ಬಿಡುವ ಅಂಟು ತೇವವನ್ನು ತಾಳದು; ತೇವವನ್ನು ತಾಳುವ ಅಂಟು ಸುಲಭವಾಗಿ ಬಿಡದು. ಆದ್ದರಿಂದ ಅಡುಗೆಮನೆಯ ಕಪಾಟಿಗೂ ಪುಸ್ತಕದ ಕಪಾಟಿಗೂ ಒಂದೇ ಅಂಟು ಸೂಕ್ತವೆಂದು ಹೇಳಲಾಗದು.

5. ಮಿತಿಗಳು

ಜೈವಿಕ ಅಂಟುಗಳ ಸ್ನಿಗ್ಧತೆ ಹೆಚ್ಚಾಗಿದ್ದು, ಒತ್ತುವ ಅವಧಿ ದೀರ್ಘವಾಗಬಹುದು. ಕಚ್ಚಾವಸ್ತುವಿನ ಗುಣಮಟ್ಟ ಬೆಳೆಯಿಂದ ಬೆಳೆಗೆ ವ್ಯತ್ಯಾಸವಾಗುತ್ತದೆ. ಇವುಗಳಿಂದ ಉತ್ಪಾದನಾ ವೆಚ್ಚ ಏರುತ್ತದೆ.

6. ಗ್ರಾಹಕರ ಗಮನಕ್ಕೆ

* "ಜೈವಿಕ ಮೂಲದ" ಮತ್ತು "ಫಾರ್ಮಾಲ್ಡಿಹೈಡ್ ರಹಿತ" ಎಂಬ ಪದಗಳು ಸಮಾನಾರ್ಥಕಗಳಲ್ಲ. ಖರೀದಿಸುವ ಮುನ್ನ ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು.
* ಭಾರತೀಯ ಮಾನಕ ಗುರುತು (ಸಾಮಾನ್ಯ ಪ್ಲೈವುಡ್‌ಗೆ ಐ.ಎಸ್. 303) ಹಾಗೂ ಹೊರಸೂಸುವಿಕೆಯ ವರ್ಗವನ್ನು ಪರಿಶೀಲಿಸುವುದು.
* ಹೊಸ ಪೀಠೋಪಕರಣವಿರುವ ಕೊಠಡಿಗೆ ಸಾಕಷ್ಟು ಗಾಳಿ ಬರುವಂತೆ ಕಿಟಕಿಗಳನ್ನು ತೆರೆದಿಡುವುದು.
* ಹಳೆಯ ಹಲಗೆ ಚೂರುಗಳನ್ನು ಅಡುಗೆ ಒಲೆ ಅಥವಾ ಬಚ್ಚಲ ಒಲೆಯಲ್ಲಿ ಉರಿಸಬಾರದು. ಅಂಟು, ಬಣ್ಣ ಮತ್ತು ಪ್ಲಾಸ್ಟಿಕ್ ಅಂಚಿನ ಹೊಗೆಯು ಹಾನಿಕಾರಕವಾಗಿರುತ್ತದೆ.