ಟ್ರೇಲರ್ ಕಳಚುವಾಗ ಕ್ರಮ ತಪ್ಪಬಾರದು

ಕೃಷ್ಣಗಿರಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೊಸೂರಿನ ಕಾರ್ಖಾನೆಗಳಿಗೆ ಬರುವ ಕಂಟೇನರ್ ಲಾರಿ ನೋಡಲು ಒಂದೇ ಗಾಡಿ, ವಾಸ್ತವವಾಗಿ ಎರಡು. ಇಂಜಿನ್ ಇರುವ ಮುಂದಿನ ಭಾಗವನ್ನು ಚಾಲಕರು ‘ಹಾರ್ಸ್’ ಎನ್ನುತ್ತಾರೆ. ಹಿಂದಿನದು ಮುಂಗಾಲಿಗಳಿಲ್ಲದ ಟ್ರೇಲರ್. ಸರಕು ಇಳಿಸಲು ತಡವಾಗುವ ಕಡೆ ಟ್ರೇಲರನ್ನು ಯಾರ್ಡಿನಲ್ಲೇ ಬಿಟ್ಟು ಹಾರ್ಸ್ ಮತ್ತೊಂದು ಲೋಡಿಗೆ ಹೊರಡುತ್ತದೆ. ಇದರಿಂದ ಸಮಯ ಉಳಿಯುತ್ತದೆ. ಆದರೆ 40 ಅಡಿ ಕಂಟೇನರಿನ ಒಟ್ಟು ತೂಕ 30 ಟನ್ನಿನವರೆಗೂ ಇರಬಹುದಾದ್ದರಿಂದ, ಕಳಚುವ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಜೀವಕ್ಕೆ ಅಪಾಯ.

ಜೋಡಣೆ ಹೇಗಿರುತ್ತದೆ?

ಹಾರ್ಸಿನ ಹಿಂಭಾಗದಲ್ಲಿ ಗ್ರೀಸ್ ಬಳಿದ ದಪ್ಪ ಕಬ್ಬಿಣದ ತಟ್ಟೆಯಿದೆ. ಇದೇ ಫಿಫ್ತ್ ವೀಲ್, ಅಂದರೆ ಐದನೇ ಚಕ್ರ. ಹಿಂದೆ ಕುದುರೆ ಗಾಡಿಗಳ ಮುಂದಿನ ಅಚ್ಚಿನ ಮೇಲೆ ಮಲಗಿಸಿರುತ್ತಿದ್ದ ಬಳೆಯಿಂದ ಈ ಹೆಸರು ಬಂದಿದೆ. ಟ್ರೇಲರಿನ ಅಡಿಯಲ್ಲಿರುವ ಕಿಂಗ್ ಪಿನ್ ಈ ತಟ್ಟೆಯ ಸೀಳಿಗೆ ಸೇರಿ ಲಾಕ್ ಆಗುತ್ತದೆ. ಪಿನ್ನಿನ ದಪ್ಪ ಸಾಮಾನ್ಯವಾಗಿ 2 ಅಂಗುಲ, ಭಾರೀ ಟ್ರೇಲರುಗಳಲ್ಲಿ ಮೂರೂವರೆ ಅಂಗುಲ. ಇದಲ್ಲದೆ ಎರಡು ಏರ್ ಪೈಪುಗಳು ಮತ್ತು ಲೈಟುಗಳ ಕೇಬಲ್ ಎರಡೂ ಭಾಗಗಳನ್ನು ಸೇರಿಸುತ್ತವೆ. ಸಾಮಾನ್ಯವಾಗಿ ಕೆಂಪು ಪೈಪು ಟ್ರೇಲರಿನ ಟ್ಯಾಂಕಿಗೆ ಗಾಳಿ ತುಂಬಿಸುತ್ತದೆ, ಹಳದಿ ಪೈಪು ಪೆಡಲ್ ತುಳಿದಾಗ ಬ್ರೇಕ್ ಹಾಕಿಸುತ್ತದೆ.

ಗಾಳಿಯನ್ನು ನಂಬಬಾರದು

ಕೆಂಪು ಪೈಪು ಕಿತ್ತ ಕೂಡಲೇ ಟ್ರೇಲರಿನ ಬ್ರೇಕ್ ತಾನಾಗಿ ಹಿಡಿಯುತ್ತದೆ. ಇದನ್ನು ನೋಡಿ ಗಾಡಿ ಭದ್ರವಾಗಿದೆ ಎಂದು ಅನೇಕರು ಭಾವಿಸುತ್ತಾರೆ. ಸ್ಪ್ರಿಂಗ್ ಬ್ರೇಕ್ ಇಲ್ಲದ ಟ್ರೇಲರುಗಳಲ್ಲಿ ಆಗ ಚಕ್ರವನ್ನು ಹಿಡಿದಿರುವುದು ಟ್ಯಾಂಕಿನಲ್ಲಿ ಉಳಿದ ಗಾಳಿ ಮಾತ್ರ. ಅದು ಸೋರುತ್ತಾ ಹೋದಂತೆ ಬ್ರೇಕ್ ಸಡಿಲಗೊಳ್ಳುತ್ತದೆ. ಸಂಜೆ ಅಲುಗಾಡದೆ ನಿಂತ ಟ್ರೇಲರ್ ಬೆಳಗಿನ ಹೊತ್ತಿಗೆ ಉರುಳಬಹುದು. ಆದ್ದರಿಂದ ಟ್ರೇಲರಿನ ಪಾರ್ಕಿಂಗ್ ಬ್ರೇಕ್ ಹಾಕುವುದೂ ಗಾಲಿಗೆ ಅಡ್ಡ ಕೊಡುವುದೂ ಎಲ್ಲಕ್ಕಿಂತ ಮೊದಲ ಕೆಲಸ.

ಕಳಚುವ ಕ್ರಮ

1. ಸಮತಟ್ಟಾದ ಗಟ್ಟಿ ನೆಲ ಆರಿಸಿ, ಹಾರ್ಸ್ ಮತ್ತು ಟ್ರೇಲರನ್ನು ಒಂದೇ ನೇರಕ್ಕೆ ನಿಲ್ಲಿಸಬೇಕು. ಮಣ್ಣಿನ ನೆಲದಲ್ಲೂ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಟ್ರೇಲರಿನ ಕಾಲುಗಳು ಹೂತುಹೋಗುತ್ತವೆ. ಅಂಥ ಕಡೆ ಕಾಲಿನಡಿಗೆ ದಪ್ಪ ಹಲಗೆ ಇಡಬೇಕು.

2. ಹಾರ್ಸಿನ ಹ್ಯಾಂಡ್ ಬ್ರೇಕ್, ಟ್ರೇಲರಿನ ಪಾರ್ಕಿಂಗ್ ಬ್ರೇಕ್ ಎರಡನ್ನೂ ಹಾಕಿ, ಇಂಜಿನ್ ಆಫ್ ಮಾಡಿ, ಟ್ರೇಲರಿನ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಡಬೇಕು.

3. ಹ್ಯಾಂಡಲ್ ತಿರುಗಿಸಿ ಎರಡೂ ಕಾಲುಗಳನ್ನು ನೆಲಕ್ಕೆ ಇಳಿಸಬೇಕು. ನೆಲ ಮುಟ್ಟಿದ ಮೇಲೆ ನಿಧಾನದ ಗೇರಿನಲ್ಲಿ ಇನ್ನು ಕೆಲವು ಸುತ್ತು ತಿರುಗಿಸಿದರೆ ಭಾರದ ಒಂದು ಪಾಲು ಕಾಲಿಗೆ ಬರುತ್ತದೆ. ಟ್ರೇಲರ್ ತಟ್ಟೆಯಿಂದ ಮೇಲೇಳುವಷ್ಟು ಎತ್ತಬಾರದು.

4. ಮೊದಲು ಕೆಂಪು, ಆಮೇಲೆ ಹಳದಿ ಪೈಪು, ಕೊನೆಗೆ ಕೇಬಲ್ ಬಿಚ್ಚಿ ಹಾರ್ಸಿನ ಕೊಕ್ಕೆಗೆ ಸಿಕ್ಕಿಸಬೇಕು. ಮರೆತರೆ ಹಾರ್ಸ್ ಮುಂದೆ ಹೋದಾಗ ಹರಿಯುತ್ತವೆ.

5. ಇವೆಲ್ಲ ಮುಗಿದ ನಂತರವೇ ಫಿಫ್ತ್ ವೀಲಿನ ಲಾಕ್ ಹಿಡಿ ಎಳೆಯಬೇಕು. ಹಿಡಿ ಬಿಗಿಯಾಗಿದ್ದರೆ ಪಿನ್ನಿನ ಮೇಲೆ ಎಳೆತವಿದೆ ಎಂದರ್ಥ. ಹಾರ್ಸನ್ನು ತುಸು ಹಿಂದಕ್ಕೆ ಒತ್ತಿ, ಮತ್ತೆ ಹ್ಯಾಂಡ್ ಬ್ರೇಕ್ ಹಾಕಿ ಎಳೆದರೆ ಸಡಿಲವಾಗಿ ಬರುತ್ತದೆ. ಸುತ್ತಿಗೆಯಿಂದ ಬಡಿಯಬಾರದು. ಕಾಲು ಹಾರ್ಸಿನ ಗಾಲಿಯ ದಾರಿಯಲ್ಲಿರಬಾರದು.

6. ಹಾರ್ಸನ್ನು ನಿಧಾನಕ್ಕೆ ಮುಂದೆ ಚಲಿಸಿ, ಪಿನ್ ಬಿಟ್ಟರೂ ತಟ್ಟೆ ಇನ್ನೂ ಟ್ರೇಲರಿನ ಅಡಿಯಲ್ಲಿರುವಾಗ ನಿಲ್ಲಿಸಿ ಕಾಲುಗಳನ್ನು ನೋಡಬೇಕು. ಕಾಲು ಕುಸಿಯುತ್ತಿದ್ದರೆ ಈ ಹಂತದಲ್ಲಿ ತಟ್ಟೆ ಆಸರೆಯಾಗುತ್ತದೆ. ಸರಿಯಿದ್ದರೆ ಪೂರ್ತಿ ಹೊರಬರಬಹುದು.

ಕಳಚಿದ ಟ್ರೇಲರಿನೊಳಗೆ ಫೋರ್ಕ್‌ಲಿಫ್ಟ್ ಹೋಗುವುದಿದ್ದರೆ ಮುಂಭಾಗದ ಅಡಿಗೆ ಪ್ರತ್ಯೇಕ ಸ್ಟ್ಯಾಂಡ್ ಕೊಡಬೇಕು. ಇಲ್ಲದಿದ್ದರೆ ಅದರ ಭಾರಕ್ಕೆ ಟ್ರೇಲರ್ ಮೂತಿ ಮುಂದಾಗಿ ಬೀಳಬಹುದು.

ಮತ್ತೆ ಜೋಡಿಸುವಾಗ

ಆಗ ಮೊದಲು ಹಳದಿ, ಕೊನೆಗೆ ಕೆಂಪು. ಕೆಂಪು ಪೈಪು ಸೇರಿದ ಕ್ಷಣ ಗಾಳಿ ಹರಿದು ತುರ್ತು ಬ್ರೇಕ್ ಬಿಡುತ್ತದೆ. ಹಾರ್ಸಿನ ಹ್ಯಾಂಡ್ ಬ್ರೇಕಾಗಲಿ ಟ್ರೇಲರಿನ ಪಾರ್ಕಿಂಗ್ ಬ್ರೇಕಾಗಲಿ ಹಾಕಿಲ್ಲದಿದ್ದರೆ ಇಡೀ ಗಾಡಿ ಹೊರಡುತ್ತದೆ, ಪೈಪು ಸಿಕ್ಕಿಸಿದವನು ಎರಡರ ನಡುವೆಯೇ ನಿಂತಿರುತ್ತಾನೆ. ಓಡಿಹೋಗಿ ಕ್ಯಾಬಿನ್ ಹತ್ತಿ ನಿಲ್ಲಿಸಲು ಹೋದರೆ ಗಾಲಿಯಡಿ ಸಿಲುಕುವ ಅಪಾಯ. ಹೀಗಾಗಿ ಕ್ಯಾಬಿನ್ ಇಳಿಯುವ ಮುನ್ನ ಹ್ಯಾಂಡ್ ಬ್ರೇಕ್, ಪೈಪು ಮುಟ್ಟುವ ಮುನ್ನ ಟ್ರೇಲರಿನ ಬ್ರೇಕ್ ಹಾಕಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಗಾಲಿಯ ಅಡ್ಡ ತೆಗೆಯುವುದು ಎಲ್ಲ ಕೆಲಸ ಮುಗಿದ ಮೇಲೆ.