ಫೋನ್ ಒಳಗಿನ ಇತಿಹಾಸ – 4: ಸರ್ವರ್ ಬೇಡ ಅಂದ ಡೇಟಾಬೇಸ್

ಕಳೆದ ದೀಪಾವಳಿಗೆ ಒಂದು ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗ್ತಿದ್ದೆ. ಸಂಜೆ ರಶ್ ಟೈಮಲ್ಲೇ ಸ್ಕ್ರೀನ್ ಮೇಲೆ ‘ಸರ್ವರ್ ಸಿಗ್ತಿಲ್ಲ’ ಅಂತ ಬಂತು. ಆ ಸರ್ವರ್ ಎಲ್ಲಿದೆ ಅಂತಲೂ ನಂಗೊತ್ತಿಲ್ಲ. ಆದ್ರೆ ಕ್ಯೂನಲ್ಲಿದ್ದವರು ಬೈದಿದ್ದು ನನಗೇ.

ಅಮೆರಿಕದ ರಿಚರ್ಡ್ ಹಿಪ್‌ಗೂ ಇದೇ ಕಥೆ. ಅವರ ತಂಡ ಒಂದು ಯುದ್ಧನೌಕೆಗೆ ಸಾಫ್ಟ್‌ವೇರ್ ಬರೀತಿತ್ತು. ಹಡಗಿಗೆ ಏಟು ಬಿದ್ದು ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು, ಯಾವುದು ತೆರೀಬೇಕು ಅಂತ ಹೇಳೋ ಪ್ರೋಗ್ರಾಂ ಅದು. ಡೇಟಾ ಇದ್ದಿದ್ದು ಇನ್‌ಫಾರ್ಮಿಕ್ಸ್ ಅನ್ನೋ ಡೇಟಾಬೇಸ್ ಸರ್ವರ್‌ನಲ್ಲಿ. ಸರ್ವರ್ ಮಲಗಿದ್ರೆ ಪ್ರೋಗ್ರಾಂ ಕೂಡ ಮಲಗೋದು, ಬೈಗುಳ ಹಿಪ್ ತಂಡಕ್ಕೆ. ಡೇಟಾ ಇದೇ ಡಿಸ್ಕ್‌ನಲ್ಲಿರುವಾಗ ಮಧ್ಯೆ ಸರ್ವರ್ ಯಾಕೆ, ನೇರವಾಗಿ ಫೈಲಿಂದಲೇ ಓದೋಣ ಅಂದುಕೊಂಡರು. 2000ರ ಆಗಸ್ಟ್‌ನಲ್ಲಿ ಎಸ್‌ಕ್ಯೂಲೈಟ್ ಬಂತು. ಇದು ಬೇರೆ ಆ್ಯಪ್ ಅಲ್ಲ, ಆ್ಯಪ್ ಒಳಗೇ ಸೇರಿಕೊಳ್ಳೋ ಪುಟ್ಟ ಲೈಬ್ರರಿ. ಇಡೀ ಡೇಟಾಬೇಸ್ ಒಂದೇ ಫೈಲ್.

ಈಗ ಬಿಕಾಂನವರು ಸ್ವಲ್ಪ ಗಮನ ಕೊಡಿ. ಖರ್ಚಿನ ಆ್ಯಪ್‌ನಲ್ಲಿ 500 ರೂಪಾಯಿ ಕ್ಯಾಶ್‌ನಿಂದ ಬ್ಯಾಂಕ್‌ಗೆ ಹಾಕಿದ್ರಿ ಅನ್ನಿ. ಕ್ಯಾಶ್‌ನಲ್ಲಿ ಕಳೆದಾಯ್ತು, ಬ್ಯಾಂಕ್‌ಗೆ ಕೂಡಿಸೋ ಮೊದಲೇ ಫೋನ್ ಆಫ್. ಟ್ರಯಲ್ ಬ್ಯಾಲೆನ್ಸ್ ಕಥೆ ಮುಗೀತು! ಮೊದಲ ವರ್ಷನ್‌ನಲ್ಲಿ ಇದಕ್ಕೆ ರಕ್ಷಣೆ ಇರಲಿಲ್ಲ. 2001ರ ಎರಡನೇ ವರ್ಷನ್‌ನಲ್ಲಿ ಬಂತು. ಹಳೇ ಪುಟವನ್ನ ಮೊದಲು ಇನ್ನೊಂದು ಫೈಲ್‌ಗೆ ನಕಲು ಮಾಡಿ, ಆಮೇಲೆ ಅಸಲಿಗೆ ಕೈ ಹಾಕುತ್ತೆ. ನಡುವೆ ಕರೆಂಟ್ ಹೋದ್ರೆ ಹಳೇದನ್ನ ವಾಪಸ್ ತಂದಿಡುತ್ತೆ. ಆ ನಕಲು ಫೈಲಿನ ಹೆಸರೇನು ಗೊತ್ತಾ? ಜರ್ನಲ್! ಹೆಸರು ನಮ್ಮದೇ, ಕೆಲಸ ಮಾತ್ರ ಉಲ್ಟಾ: ನಾವು ಹೊಸ ವ್ಯವಹಾರ ಬರೀತೀವಿ, ಅದು ಹಳೇದನ್ನ ಉಳಿಸಿಕೊಳ್ಳುತ್ತೆ. 2010ರಲ್ಲಿ ನಮ್ಮ ಪದ್ಧತಿಗೆ ಹತ್ತಿರದ್ದೂ ಬಂತು. ಹೊಸ ಬದಲಾವಣೆ ಮೊದಲು ಬೇರೆ ಫೈಲ್‌ನಲ್ಲಿ, ಆಮೇಲೆ ಮುಖ್ಯ ಫೈಲ್‌ಗೆ ಪೋಸ್ಟಿಂಗ್.

ಹಿಪ್ ಇದಕ್ಕೆ ಕಾಪಿರೈಟ್ ಕೂಡ ಇಟ್ಕೊಂಡಿಲ್ಲ. ಯಾರು ಬೇಕಾದ್ರೂ ಬಳಸಬಹುದು, ಮಾರಬಹುದು. ಆಂಡ್ರಾಯ್ಡ್, ಐಫೋನ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲದರಲ್ಲೂ ಇದೆ. ನಿಮ್ಮ ವಾಟ್ಸಾಪ್ ಮೆಸೇಜ್‌ಗಳು ಫೋನಲ್ಲಿ ಕೂತಿರೋದೂ ಇಂಥದ್ದೇ ಫೈಲ್‌ನಲ್ಲಿ. (ನನ್ನ ಫೋನಲ್ಲಿರೋ ಅತಿ ಹಳೇ ವಸ್ತು ಇದೇ ಇರಬೇಕು. ನನಗಿಂತ ದೊಡ್ಡದು!)

ಒಂದು ಮಿತಿ ಇದೆ. ಒಂದು ಫೈಲ್‌ಗೆ ಒಂದು ಸಲಕ್ಕೆ ಒಬ್ಬರೇ ಬರೀಬಹುದು. ಹಾಗಾಗಿ ಆರು ಕೌಂಟರ್‌ನ ಆ ಬಟ್ಟೆ ಅಂಗಡಿಗೆ ಸರ್ವರ್ ಇರೋದೇ ಸರಿ. ಬೈಗುಳ ಮಾತ್ರ ನಂಗ್ಯಾಕೆ ಅಂತ ಇನ್ನೂ ಅರ್ಥ ಆಗಿಲ್ಲ.