ನೆತ್ತಿಗೇರಿದ ಅಡಿಕೆ

ಉಣ್ಣುವಾಗ ಕೆಮ್ಮು ಒತ್ತರಿಸಿದರೆ 'ನೆತ್ತಿಗೇರಿತು' ಅನ್ನುತ್ತೇವೆ. ತಲೆ ತಟ್ಟಿ, ಯಾರೋ ನೆನೆಸಿಕೊಂಡರೆಂದು ನಕ್ಕು ಮುಂದಿನ ತುತ್ತಿಗೆ ಕೈಹಾಕುತ್ತೇವೆ. ಮಾತು ಮೇಲಕ್ಕೆ ಬೆರಳು ತೋರಿಸುತ್ತದೆ. ಜಾರಿದ ಚೂರು ಇಳಿಯುವುದು ಕೆಳಕ್ಕೆ, ಅದೂ ಹೆಚ್ಚಾಗಿ ಬಲ ಶ್ವಾಸಕೋಶಕ್ಕೆ. ಆ ಬದಿಯ ನಾಳ ಅಗಲ, ಹೆಚ್ಚು ನೇರ. ಸುಳ್ಯದ ಐವರ್ನಾಡಿನಂಥ ಅಡಿಕೆಯ ಊರಿನಲ್ಲಿ ಇದನ್ನು ಲಘುವಾಗಿ ಎಣಿಸುವಂತಿಲ್ಲ. ಅಂಗಳದಲ್ಲಿ ಒಣಗಿದ ಚಾಲಿ ಅಡಿಕೆಯನ್ನು ಅಡಕತ್ತರಿಗೆ ಕೊಟ್ಟರೆ ಹೋಳಿನ ಜತೆ ಚೂಪು ಅಂಚಿನ ಚೂರುಗಳೂ ಉದುರುತ್ತವೆ. ಹಲ್ಲಿಲ್ಲದವರಿಗೆ ಕುಟ್ಟಾಣಿಯ ಪುಡಿ. ಅದನ್ನು ದವಡೆಯಲ್ಲಿಟ್ಟುಕೊಂಡೇ ಮಾತು, ನಗು. ಉಸಿರೆಳೆದುಕೊಳ್ಳುವ ಒಂದು ಕ್ಷಣ ಸಾಕು.

ಒಳಸೇರಿದ್ದನ್ನು ತೆಗೆಯುವ ಚರಿತ್ರೆಯನ್ನು ಸಾಮಾನ್ಯವಾಗಿ ಕೊಳವೆಗಳ ಚರಿತ್ರೆಯಾಗಿ ಹೇಳುತ್ತಾರೆ. 1843ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬ್ರೂನೆಲ್ ಮಕ್ಕಳಿಗೆ ಜಾದೂ ತೋರಿಸಲು ಹೋಗಿ ಚಿನ್ನದ ನಾಣ್ಯವನ್ನು ಒಳಗೆಳೆದುಕೊಂಡ. ಗಂಟಲು ಕೊಯ್ದು ಚಿಮಟ ಹಾಕಿದರೂ ಸಿಗದ ನಾಣ್ಯ, ಅವನನ್ನು ಹಲಗೆಗೆ ಕಟ್ಟಿ ತಲೆಕೆಳಗಾಗಿಸಿದಾಗ ಹೊರಬಿತ್ತು. 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ ರೈತನೊಬ್ಬನ ಬಲ ಶ್ವಾಸನಾಳದಿಂದ ಹಂದಿಯ ಮೂಳೆಯನ್ನು ಕೊಳವೆ ಇಳಿಸಿ ತೆಗೆದ. ಫಿಲಡೆಲ್ಫಿಯಾದ ಷೆವಾಲಿಯರ್ ಜಾಕ್ಸನ್ ಹೀಗೆ ಹೊರಬಂದ 2,374 ವಸ್ತುಗಳನ್ನು ಜೋಪಾನ ಮಾಡಿದ್ದಾನೆ. ಆದರೆ ಬ್ರೂನೆಲ್‌ಗೆ ತಾನು ನುಂಗಿದ್ದೇನೆಂದು ಗೊತ್ತಿತ್ತು. ನಾಣ್ಯ, ಸೂಜಿಗಳು ಎಕ್ಸ್‌ರೇಗೂ ಕಾಣುತ್ತವೆ. ಅಡಿಕೆ, ನೆಲಗಡಲೆ ಕಾಣುವುದು ಕಷ್ಟ. ಮೊದಲ ಕೆಮ್ಮು ಅಡಗಿ ವಾರಗಟ್ಟಲೆ ಸುಮ್ಮನಿದ್ದು, ಆಮೇಲೆ ತೇವ ಹೀರಿ ಉಬ್ಬಿದ ಚೂರು ದಮ್ಮಿನ, ಕ್ಷಯದ ವೇಷ ಹಾಕುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಇಲ್ಲಿ ನಿರ್ಣಾಯಕವಾದದ್ದು ಕೊಳವೆಯಲ್ಲ, ಆ ಮೊದಲ ಕೆಮ್ಮಿನ ನೆನಪು.

ಇದಕ್ಕೆ ಆಕ್ಷೇಪ ಬರಬಹುದು: ಅಡ್ಡಿಯಾಗಿದ್ದುದು ಆಸ್ಪತ್ರೆಯ ದೂರ, ಮರೆವಲ್ಲ ಎಂದು. ನಿಜ, ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಆರಂಭವಾದದ್ದು ಮಣಿಪಾಲದಲ್ಲಿ, ಸುಳ್ಯಕ್ಕೇ ಕೆ.ವಿ.ಜಿ. ಮೆಡಿಕಲ್ ಕಾಲೇಜು ಬಂದದ್ದು 2002ರಲ್ಲಿ. ಆದರೆ ತನಗಾದದ್ದು ದಮ್ಮು ಎಂದುಕೊಂಡವನು ಅಡಿಕೆ ತೆಗೆಸಲು ಬಸ್ಸು ಹತ್ತುವುದಿಲ್ಲ, ಆಸ್ಪತ್ರೆ ಮನೆಯೆದುರೇ ಇದ್ದರೂ. ಸಿ.ಟಿ. ಸ್ಕ್ಯಾನ್ ತೋರಿಸುತ್ತದಲ್ಲ? ತೋರಿಸೀತು, ಯಾರಿಗಾದರೂ ಅನುಮಾನ ಬಂದು ಬರೆದುಕೊಟ್ಟರೆ. ಹಾಗೆಂದು 'ನೆತ್ತಿಗೇರಿತು' ಎಂಬ ಹಳೆಯ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಆತುರವೇ. ಉಸಿರೇ ಕಟ್ಟಿ ದನಿ ಹೊರಡದವನ ನೆತ್ತಿ ತಟ್ಟಿ ಫಲವಿಲ್ಲ, ನಿಜ. ಬೆನ್ನಿಗೆ ಗುದ್ದಬೇಕು, ಇಲ್ಲವೇ 1974ರಲ್ಲಿ ವೈದ್ಯ ಹೈಮ್ಲಿಕ್ ಹೇಳಿದಂತೆ ದೊಡ್ಡವರಿಗಾದರೆ ಹೊಟ್ಟೆಯ ಮೇಲ್ಭಾಗ ಒತ್ತಬೇಕು. ತಿಂಗಳುಗಟ್ಟಲೆ ಕೆಮ್ಮುವ ಮುದುಕರ ವಿಷಯ ಬೇರೆ. ಶ್ವಾಸನಾಳಕ್ಕೆ ಏನಾದರೂ ಹೋಗಿದೆಯೇ ಎಂದು ಡಾಕ್ಟರು ಕೇಳಿದರೆ ಅವರು 'ಇಲ್ಲಪ್ಪ' ಎಂದಾರು. 'ಅಜ್ಜ, ಅಡಿಕೆ ನೆತ್ತಿಗೇರಿದ್ದು ಉಂಟಾ?' ಎಂದು ಕೇಳಿದರೆ, ಯಾವ ಮದುವೆಮನೆಯ ಜಗಲಿಯಲ್ಲಿ ಎಂಬುದೂ ನೆನಪಾದೀತು.